ತಿಪ್ಪೆ ತಿನ್ನದ ತಗಡು

ಜೋಗುಪಾಳ್ಯದ ಆ ಓಣಿಯಲ್ಲಿ ಮುನಿಗಂಗಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂಗೇ ದಾರಿ ತೋರಿಸುತ್ತಿತ್ತು.

ಹಾಗೆಂದು ಮುನಿಗಂಗಮ್ಮ ಕೊಳಕಿನ ಹೆಂಗಸಲ್ಲ. ಒಳಗೆ ಕಾಲಿಟ್ಟರೆ ಸಾರಿಸಿದ ನೆಲ, ಥಳಥಳ ಬೆಳಗಿದ ಚೊಂಬು, ಹೊಸ್ತಿಲಿಗೆ ರಂಗೋಲಿ. ನೆಲದ ಮೇಲೆ ಒಂದು ಕೂದಲೆಳೆ ಕಂಡರೂ ಹೆಕ್ಕಿ ತೆಗೆಯುವಳು. ತೆಗೆದದ್ದನ್ನೆಲ್ಲ ಹಿತ್ತಲಿಗೆ ಒಯ್ದು ತಿಪ್ಪೆಗೆ ಹಾಕುವಳು. ನಾತ ಬರುತ್ತಿದ್ದುದು ಆ ತಿಪ್ಪೆಯಿಂದ.

ಅದು ಎರಡನೇ ಮಹಾಯುದ್ಧದ ಕಾಲ. ಬೈಯಪ್ಪನಹಳ್ಳಿಯ ಆಚೆ ಮುನಿಗಂಗಮ್ಮನ ಮನೆಯವರಿಗೆ ಹೊಲವಿತ್ತು. ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಅವಳ ಗಂಡ ರಾಮಾಂಜಿನಪ್ಪನಿಗೆ ಬಂದ ತುಂಡಿನಲ್ಲಿ ಎತ್ತು ತಿರುಗಿಸುವುದಕ್ಕೂ ಜಾಗವಿರಲಿಲ್ಲ. ದಂಡಿನ ಉಗ್ರಾಣದಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ಹಸು ಮಾರಿ, ಗಾಡಿಗೆ ಪಾತ್ರೆಪಗಡೆ ಹೇರಿ ಹೊರಟರು. ಹೊರಡುವ ಗಳಿಗೆಯಲ್ಲಿ ಮುನಿಗಂಗಮ್ಮ ಗಾಡಿ ನಿಲ್ಲಿಸಿ ಹಿತ್ತಲಿಗೆ ಓಡಿದಳು. ಹಳೆಯ ತಿಪ್ಪೆಯ ತಳದಿಂದ ಕರಿ ಗೊಬ್ಬರ ತೆಗೆದು ಒಂದು ಮಂಕರಿ ತುಂಬಿಕೊಂಡು ಬಂದಳು.

"ಇದೇನಮ್ಮಿ, ಪ್ಯಾಟೆಗೆ ಗೊಬ್ಬರ ಹೊತ್ಕೊಂಡು ಹೋಗ್ತೀಯಾ?" ಎಂದು ರಾಮಾಂಜಿನಪ್ಪ ನಕ್ಕ.

"ಇದು ಹೆಪ್ಪು. ಅಲ್ಲೂ ಒಂದು ತಿಪ್ಪೆ ಬೇಡ್ವಾ?" ಎಂದಳು. ದಾರಿಯುದ್ದಕ್ಕೂ ಮಂಕರಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಆ ಹೆಪ್ಪಿನ ಮೇಲೆ ಜೋಗುಪಾಳ್ಯದ ತಿಪ್ಪೆ ಎದ್ದಿತು. ಊರಿನ ತಿಪ್ಪೆಗೆ ಬೀಳುತ್ತಿದ್ದುದು ಸಗಣಿ, ಬೂದಿ, ಉಳಿದ ಹುಲ್ಲು, ಸೊಪ್ಪಿನ ಕಡ್ಡಿ. ಇಲ್ಲಿ ಸಗಣಿ ಇಲ್ಲ. ಬದಲಿಗೆ ರಾಮಾಂಜಿನಪ್ಪ "ಯಾವಾಗಾದ್ರೂ ಬೇಕಾಗ್ತದೆ" ಎಂದು ಉಗ್ರಾಣದಿಂದ ತರುತ್ತಿದ್ದ ಖಾಲಿ ತಗಡಿನ ಡಬ್ಬಿಗಳು, ಒಡೆದ ಸೀಸೆ, ಹರಿದ ಗೋಣಿ, ಒಮ್ಮೆ ಯಾವನೋ ಸೋಲ್ಜರನ ಒಂಟಿ ಬೂಟು. ಬೇಕಾಗುವ ದಿನ ಬರದೆ ಎಲ್ಲವೂ ತಿಪ್ಪೆ ಸೇರಿದವು. ಬೀದಿಗೆ ಮುನ್ಸಿಪಾಲ್ಟಿಯ ಕಸದ ಗಾಡಿ ಬಂದರೆ ಮುನಿಗಂಗಮ್ಮ ಬಾಗಿಲು ಮುಂದೆ ಮಾಡಿಕೊಳ್ಳುವಳು.

"ತಿಪ್ಪೆ ಅಂದ್ರೆ ಲಕ್ಷ್ಮಿ. ದೀಪಾವಳೀಲಿ ದೀಪ ಇಡ್ತೀವಿ. ಲಕ್ಷ್ಮಿನ ಯಾರಾದ್ರೂ ಗಾಡಿಗೆ ಹಾಕಿ ಕಳಿಸ್ತಾರಾ?"

ಯುಗಾದಿ ಕಳೆದ ಮೇಲೆ ಒಂದು ದಿನ ಕೃಷ್ಣರಾಜಪುರದಿಂದ ಬೀಗಿತಿ ಅಕ್ಕಯಮ್ಮ ಬಂದಳು. ಸಿಹಿ ಸುದ್ದಿ ತಂದಿದ್ದಳು. ಮುನಿಗಂಗಮ್ಮನ ಒಬ್ಬಳೇ ಮಗಳು ಪಿಳ್ಳಮ್ಮ ಬಸುರಿ. ಮುನಿಗಂಗಮ್ಮನಿಗೆ ಕಣ್ಣು ತುಂಬಿ ಬಂತು. ಬೆಲ್ಲದ ತುಂಡು ತಂದು ಬೀಗಿತಿಯ ಬಾಯಿಗಿಟ್ಟಳು. ಚೊಚ್ಚಲ ಬಾಣಂತನ ತವರಿನಲ್ಲಿ. ಯಾವ ಮೂಲೆಯಲ್ಲಿ ಮಂಚ, ಎಲ್ಲಿ ತೊಟ್ಟಿಲು ಎಂದು ಆಗಲೇ ಲೆಕ್ಕ ಹಾಕಲು ಶುರುಮಾಡಿದಳು.

ಅಕ್ಕಯಮ್ಮ ಕೈ ತೊಳೆಯಲು ಹಿತ್ತಲಿಗೆ ಹೋದಳು. ತಿರುಗಿ ಬರುವಾಗ ಸೆರಗು ಮೂಗಿನ ಮೇಲಿತ್ತು.

"ಗಂಗಮ್ಮೋರೆ, ಬೇಜಾರು ಮಾಡ್ಕೋಬ್ಯಾಡಿ. ಬಾಣಂತನ ನಮ್ಮಲ್ಲೇ ಆಗ್ಲಿ."

"ಅದೆಂಗಾಯ್ತದೆ? ಮೊದಲ್ನೇದು ತೌರಲ್ಲಲ್ವಾ?"

"ಸಾಸ್ತ್ರ ನಂಗೂ ಗೊತ್ತು. ನನ್ನ ಮೊದಲ ಕೂಸು ವಾಂತಿಭೇದೀಲಿ ಹೋಯ್ತು. ನೊಣ ಕಂಡ್ರೆ ನಂಗೆ ಈಗ್ಲೂ ಎದೆ ನಡುಗ್ತದೆ. ನಿಮ್ಮ ಹಿತ್ಲಲ್ಲಿ ನೊಣ ಕಪ್ಪಗೆ ಕೂತವೆ. ಗೋಡೆ ಬುಡದಲ್ಲಿ ಇಲಿ ಓಡಾಡ್ತವೆ." ಅಕ್ಕಯಮ್ಮನ ದನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ಮುನಿಗಂಗಮ್ಮನಿಗೆ ಹೆಚ್ಚು ನೋವಾಯಿತು.

ಬೀಗಿತಿ ಜಟಕಾ ಹತ್ತಿದ ಮೇಲೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಅತ್ತಳು.

ಪಕ್ಕದ ಗೋಡೆಯಾಚೆ ಹಮೀದಾ ತನ್ನ ಆಡುಗಳಿಗೆ ಸೊಪ್ಪು ಹಾಕುತ್ತಿದ್ದಳು. ಅವಳ ಗಂಡ ರಹೀಂ ಶಿವಾಜಿನಗರದಲ್ಲಿ ದರ್ಜಿ. ಚಿಕ್ಕದೊಂದು ಮನೆ, ಅಂಗೈಯಗಲ ಅಂಗಳ, ಮೂರು ಹೊತ್ತೂ ಆಡುಗಳ ಗಲಾಟೆ. ಆದರೂ ಅವಳ ಅಂಗಳದಲ್ಲಿ ನೊಣವಿರಲಿಲ್ಲ. ಇದ್ದರೆ ಅದು ಮುನಿಗಂಗಮ್ಮನ ಮನೆಯಿಂದ ಬಂದ ನೊಣ. ಹಮೀದಾ ಅದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಈ ಕಡೆಯ ಕಿಟಕಿಗೆ ಗೋಣಿ ಕಟ್ಟಿ ಸುಮ್ಮನಿದ್ದಳು.

"ಅರೆ ಗಂಗಕ್ಕಾ, ಯಾಕೆ ಅಳ್ತಾ ಇದೀರಾ? ಬೀಗರು ಬಂದಿದ್ರಲ್ಲ, ಏನಂದ್ರು?"

ಹಮೀದಾಳನ್ನು ಮುನಿಗಂಗಮ್ಮ ಬೂವಮ್ಮ ಎಂದು ಕರೆಯುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿಕೊಂಡಳು. "ನೀನೇ ಹೇಳು ಬೂವಮ್ಮ. ನನ್ನ ತಿಪ್ಪೆ ಅಷ್ಟು ಕೆಟ್ಟದ್ದಾ?"

ಹಮೀದಾ ಆಡಿನ ಕಿವಿ ತುರಿಸಿದಳು. "ತಿಪ್ಪೆ ಕೆಟ್ಟದ್ದಲ್ಲಕ್ಕಾ. ಅದರ ಬಾಯಿಗೆ ನಾವು ಹಾಕೋದು ಕೆಟ್ಟದ್ದು. ಅದಕ್ಕೆ ಹಲ್ಲಿಲ್ಲ ನೋಡಿ. ಸಿಪ್ಪೆ, ಸೊಪ್ಪು ತಿನ್ತದೆ. ತಗಡು ಎಲ್ಲಿ ತಿನ್ತದೆ?"

"ಹೋಗೇ. ನಮ್ಮೂರ ಹೆಪ್ಪು ಹಾಕಿ ಮಾಡಿದ ತಿಪ್ಪೆ. ಒಳಗೆ ಚಿನ್ನದಂಥ ಗೊಬ್ಬರ ಐತೆ. ತೋರಿಸ್ತೀನಿ ತಾಳು."

ಊರಿನ ಹೆಂಗಸರು ಗೊಬ್ಬರ ನೋಡುವ ರೀತಿಯೇ ಹಾಗೆ. ಮೊಣಕೈವರೆಗೆ ತೋಳು ತೂರಿಸಿ, ತಳದ ಬಿಸಿ ನೋಡಿ, ಒಂದು ಹಿಡಿ ತೆಗೆದು ಮೂಸುತ್ತಾರೆ. ಮುನಿಗಂಗಮ್ಮನ ಅವ್ವ ಮಾಡುತ್ತಿದ್ದುದು ಅದೇ, ಇವಳು ಊರಲ್ಲಿ ಮಾಡುತ್ತಿದ್ದುದೂ ಅದೇ. ಸೆರಗು ಸಿಕ್ಕಿಸಿಕೊಂಡು ತಿಪ್ಪೆಗೆ ಕೈ ತೂರಿಸಿದಳು.

"ಅವ್ವಾ!"

ಹೊರಗೆ ಬಂದ ಕೈಯಲ್ಲಿ ಗೊಬ್ಬರವಿರಲಿಲ್ಲ. ಅಂಗೈಯ ಅಡ್ಡಕ್ಕೆ ಸೀಳಿದ ಗಾಯವಿತ್ತು. ತುಕ್ಕು ಹಿಡಿದ ಡಬ್ಬಿಯ ಬಾಯಿ ಕೊಯ್ದಿತ್ತು. ತಿಪ್ಪೆ ಕುಸಿದ ಕಡೆಯಿಂದ ಒಂದು ಇಲಿ ಹೊರಬಿದ್ದು ಅವಳ ಕಾಲ ಮೇಲೇ ಹಾದು ಓಡಿತು.

ಹಮೀದಾ ಸುತ್ತಿಕೊಂಡು ಬರುವಷ್ಟೂ ತಾಳಲಿಲ್ಲ, ಗೋಡೆ ಹತ್ತಿ ಇಳಿದಳು. ಮುನಿಗಂಗಮ್ಮ ಅರಿಶಿನ ಹುಡುಕಲು ಒಳಗೆ ಹೊರಟರೆ ತಡೆದಳು. "ಮೊದಲು ಸೋಪು, ನೀರು. ಚೆನ್ನಾಗಿ ತೊಳೀರಿ. ಆಮೇಲೆ ಧರ್ಮಾಸ್ಪತ್ರೆ. ತುಕ್ಕು ತಗಡು ಕೊಯ್ದಿದೆ, ಸೂಜಿ ಹಾಕಿಸ್ಲೇಬೇಕು." ಒಗೆದ ಬಟ್ಟೆ ಸುತ್ತಿ, ಕೈ ಹಿಡಿದುಕೊಂಡೇ ಹಲಸೂರಿನ ಧರ್ಮಾಸ್ಪತ್ರೆಗೆ ನಡೆಸಿಕೊಂಡು ಹೋದಳು.

ದಾರಿಯಲ್ಲಿ ಮುನಿಗಂಗಮ್ಮ ಒಂದೇ ಮಾತಾಡಿದಳು. "ನಮ್ಮೂರ ತಿಪ್ಪೆ ಯಾವತ್ತೂ ಕಚ್ಚಿರ್ಲಿಲ್ಲ, ಹಮೀದಾ."

"ಕಚ್ಚಿದ್ದು ತಿಪ್ಪೆ ಅಲ್ಲಕ್ಕಾ, ಡಬ್ಬಿ. ನಿಮ್ಮ ತಿಪ್ಪೆ ಬಾಯಿಂದ ಅದನ್ನ ತೆಗೆದುಬಿಡೋಣ."

ಮರುದಿನ ಕೆಲಸ ಹಿಡಿದರು. ಮುನಿಗಂಗಮ್ಮನ ಕೈಗೆ ಪಟ್ಟಿ. ಹಾಗಾಗಿ ಗುದ್ದಲಿ ಹಿಡಿದವನು ರಾಮಾಂಜಿನಪ್ಪ. ತಾನು ತಂದ ಡಬ್ಬಿಗಳು ಒಂದೊಂದಾಗಿ ಹೊರಬಂದಾಗ ಅವನ ಮುಖ ನೋಡಬೇಕಾಗಿತ್ತು.

"ಯಾವಾಗಾದ್ರೂ ಬೇಕಾಗ್ತದೆ ಅಂತಿದ್ರಲ್ಲ. ಬೇಕಾಯ್ತು ನೋಡಿ, ನನ್ನ ಕೈ ಕೊಯ್ಯೋಕೆ" ಎಂದಳು ಹೆಂಡತಿ.

"ಬೂಟು ಇನ್ನೊಂದು ಸಿಕ್ಕಿದ್ರೆ ಹಾಕ್ಕೊಳ್ತಿದ್ದೆ" ಎಂದು ಅವನು ಗೊಣಗಿದ. ಹಮೀದಾ ಸೆರಗು ಬಾಯಿಗೊತ್ತಿ ನಕ್ಕಳು.

ತಗಡು, ಗಾಜು ಒಂದು ಮೂಲೆಗೆ ಬಂದವು. ಹಳೇ ಸಾಮಾನಿನವನು ಬಂದಾಗ ಸಂತೋಷದಿಂದ ಹೊತ್ತುಕೊಂಡು ಹೋದ. ಗಟ್ಟಿಯಾಗಿದ್ದ ಎರಡು ಡಬ್ಬಿಗಳ ಬಾಯಿ ಬಡಿದು ಮಟ್ಟಸ ಮಾಡಿ, ತಳಕ್ಕೆ ತೂತು ಹೊಡೆದು, ತುಳಸಿ ಮತ್ತು ಕೊತ್ತಂಬರಿ ಹಾಕಿದರು. ಯಾವುದಕ್ಕೂ ಬಾರದ ಚೂರುಪಾರು ಮಾತ್ರ ಮುನ್ಸಿಪಾಲ್ಟಿ ಗಾಡಿಗೆ ಹೋಯಿತು. ಅದು ಶುಕ್ರವಾರವಾಗದಂತೆ ಮುನಿಗಂಗಮ್ಮ ನೋಡಿಕೊಂಡಳು. ಮಂಗಳವಾರ, ಶುಕ್ರವಾರ ಅವಳ ಮನೆಯಿಂದ ಒಂದು ಕಡ್ಡಿಯೂ ಹೊರಗೆ ಹೋಗುವಂತಿಲ್ಲ.

ತಳದಲ್ಲಿ, ಎಲ್ಲ ಹೊಲಸಿನ ಅಡಿಯಲ್ಲಿ, ಊರಿನ ಆ ಮಂಕರಿ ಗೊಬ್ಬರ ಕಪ್ಪಗೆ ಹಾಗೇ ಇತ್ತು. ಮುನಿಗಂಗಮ್ಮ ಅದನ್ನು ಎಡಗೈಯಲ್ಲಿ ಎತ್ತಿ, ಗಂಡ ಪಕ್ಕದಲ್ಲೇ ತೋಡಿದ್ದ ಹೊಸ ಗುಂಡಿಗೆ ತಾನೇ ಹಾಕಿದಳು.

ಇನ್ನು ಗುಂಡಿಯ ಊಟ. ತರಕಾರಿ ಸಿಪ್ಪೆಯಲ್ಲಿ ಒಳ್ಳೆಯದು ಹಮೀದಾಳ ಆಡಿಗೆ. ಅಲ್ಲಿಂದ ಆಡಿನ ಹಿಕ್ಕೆ ಮಂಕರಿಯಲ್ಲಿ ಗೋಡೆ ದಾಟಿ ಈ ಕಡೆಗೆ. ಸಗಣಿ ಇಲ್ಲದ ಕೊರತೆ ಹಾಗೆ ನೀಗಿತು. ಉಳಿದ ಸಿಪ್ಪೆ, ಉಂಡ ಎಲೆ, ಒಣ ಹೂವು ಗುಂಡಿಗೆ. ಅದರ ಮೇಲೆ ಆ ದಿನವೇ ಒಂದು ಪದರ ತರಗು, ಅಂದರೆ ಒಣಗಿ ಉದುರಿದ ಎಲೆ, ಒಂದು ಹಿಡಿ ಮಣ್ಣು, ಮೇಲೊಂದು ತೆಂಗಿನ ಗರಿ ಮುಚ್ಚಿಗೆ. ಮೂಳೆ, ಎಣ್ಣೆ ಜಿಡ್ಡು ಹಾಕುವಂತಿಲ್ಲ, ಇಲಿ ಬರುತ್ತದೆ. ವಾರಕ್ಕೊಮ್ಮೆ ಗುದ್ದಲಿಯಿಂದ ಮಗುಚಬೇಕು.

ಮೊದಲ ಮಳೆಗೆ ಗುಂಡಿ ಮತ್ತೆ ನಾರಿತು. ಮುನಿಗಂಗಮ್ಮ ಗೋಡೆಯ ಬಳಿ ನಿಂತು ಕೂಗಿದಳು. "ನೋಡಿದ್ಯಾ ಬೂವಮ್ಮ? ಎಲ್ಲಾ ಮಾಡಿದ್ರೂ ಅಷ್ಟೇ. ನನ್ನ ಮಗಳು ಬರೋದು ಕನಸು."

ಹಮೀದಾ ಇಣುಕಿ ನೋಡಿದಳು. "ನೀರು ಜಾಸ್ತಿ ಕುಡಿದಿದೆ, ಅಷ್ಟೇ. ಇನ್ನೊಂದು ಪುಟ್ಟಿ ತರಗು ಹಾಕಿ ಮಗುಚಿ. ಹೊಟ್ಟೆ ಕೆಟ್ಟ ಮಗೂನ ಯಾರಾದ್ರೂ ಎಸೀತಾರಾ?" ನಾಲ್ಕಾರು ದಿನಕ್ಕೆ ನಾತ ಹೋಯಿತು.

ಗುಂಡಿ ಸುಧಾರಿಸಿದಂತೆ ಮುನಿಗಂಗಮ್ಮನಿಗೆ ಇನ್ನೊಂದು ಹೊಳೆಯಿತು. ಗುಂಡಿಗೆ ಹಾಕುವುದೇ ಕಡಿಮೆಯಾದರೆ ಎಷ್ಟು ಚೆಂದ! ಎಣ್ಣೆಗೆ ಮನೆಯಿಂದಲೇ ಗಿಂಡಿ ಒಯ್ದಳು, ಬೇಳೆಗೆ ಬಟ್ಟೆಯ ಚೀಲ. ಸಂಜೆ ಉಳಿದ ಮುದ್ದೆಯನ್ನು ನೀರಲ್ಲಿಟ್ಟು ಬೆಳಿಗ್ಗೆ ಮಜ್ಜಿಗೆ ಹಾಕಿ ಕಿವುಚಿಕೊಟ್ಟಳು. ಒಲೆಯ ಬೂದಿ, ತೆಂಗಿನ ನಾರು ಪಾತ್ರೆ ತಿಕ್ಕಲು. ಅಕ್ಕಿ ತೊಳೆದ ನೀರು ಗಿಡಕ್ಕೆ. ಯಾವುದಕ್ಕೂ ಒಂದು ಕಾಸು ಬಿಚ್ಚಬೇಕಾಗಲಿಲ್ಲ.

ಹಳೆಯ ಬಟ್ಟೆಯ ಗಂಟು ಬಿಚ್ಚಿದಾಗ ಮಾತ್ರ ಕೈ ತಡೆಯಿತು. ಪಿಳ್ಳಮ್ಮ ಹುಟ್ಟಿದಾಗ ಉಡುತ್ತಿದ್ದ ಸೀರೆ, ರಾಮಾಂಜಿನಪ್ಪನ ಸವೆದ ಪಂಚೆ. ಅಂಗೈ ಇನ್ನೂ ಬಿಗಿಯುತ್ತಿತ್ತು, ಸೂಜಿ ಹಿಡಿಯಲಾಗುತ್ತಿರಲಿಲ್ಲ. ಹಮೀದಾ ಆ ಗಂಟನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇಲ್ಲಿ ಕೊಡಿ. ದರ್ಜಿ ಹೆಂಡ್ತಿ ಇರೋವಾಗ ನೀವ್ಯಾಕೆ? ಪಂಚೆ ಮೆತ್ತಗಿದೆ, ಕುದಿಸಿ ಒಗೆದು ಬಿಸಿಲಿಗೆ ಒಣಗಿಸಿದ್ರೆ ಮಗೂಗೆ ಸುತ್ತೋಕೆ ಆಗ್ತದೆ. ಸೀರೇಲಿ ಕೌದಿ."

"ಮಗಳು ಬರ್ತಾಳೋ ಇಲ್ವೋ, ನೀನು ಆಗ್ಲೇ ಕೌದಿ ಹೊಲೀತೀಯಾ."

"ಬರದೆ ಎಲ್ಲಿ ಹೋಗ್ತಾಳೆ?" ಎಂದು ಹಮೀದಾ ದಾರ ಕಡಿದಳು.

ಶ್ರಾವಣದಲ್ಲಿ, ಒಂದು ಶುಕ್ರವಾರ, ಬಾಗಿಲಲ್ಲಿ ಜಟಕಾ ನಿಂತಿತು. ಪಿಳ್ಳಮ್ಮ ಸೊಂಟಕ್ಕೆ ಕೈಕೊಟ್ಟುಕೊಂಡು ಇಳಿದಳು. ಹಿಂದೆಯೇ ಅಕ್ಕಯಮ್ಮ.

"ತೌರು ನೋಡ್ಬೇಕು ಅಂತ ಹಟ. ಸಂಜೆಗೆ ಕರ್ಕೊಂಡು ಹೋಗ್ತೀನಿ" ಎಂದಳು. ಒಳಗೆ ಕೂರದೆ ನೇರವಾಗಿ ಹಿತ್ತಲಿಗೆ ನಡೆದಳು. ಮುನಿಗಂಗಮ್ಮ ಮಗಳ ಕೈ ಹಿಡಿದು ಹಿಂದೆ ಹೋದಳು.

ಹಿತ್ತಲಲ್ಲಿ ಕುಂಬಳದ ಬಳ್ಳಿ ಗೋಡೆ ಹತ್ತಿ ಹಮೀದಾಳ ಕಡೆಗೆ ಇಳಿದಿತ್ತು. ಹಳದಿ ಹೂವಿನ ಮೇಲೆ ಜೇನು ಕೂತಿತ್ತು. ನೊಣ ಹುಡುಕಿದರೂ ಇರಲಿಲ್ಲ. ಅಕ್ಕಯಮ್ಮ ಗರಿ ಸರಿಸಿದಳು, ಗುದ್ದಲಿಯಿಂದ ಎರಡು ಸಲ ಕೆದಕಿದಳು. ಆಮೇಲೆ ಬಗ್ಗಿ, ಬರಿಗೈಯನ್ನು ಗುಂಡಿಗೆ ತೂರಿಸಿದಳು.

"ಅಕ್ಕಯಮ್ಮೋರೆ!" ಎಂದು ಮುನಿಗಂಗಮ್ಮ ಗಾಬರಿಯಿಂದ ತನ್ನ ಅಂಗೈಯನ್ನು ಮುಚ್ಚಿಕೊಂಡಳು.

ಹೊರಗೆ ಬಂದ ಕೈಯಲ್ಲಿ ಒಂದು ಹಿಡಿ ಕರಿ ಗೊಬ್ಬರವಿತ್ತು. ಅಕ್ಕಯಮ್ಮ ಮೂಸಿದಳು. ಇನ್ನೊಮ್ಮೆ ಮೂಸಿದಳು. ಅವಳೂ ಹೊಲದ ಹೆಂಗಸೇ.

"ಮಳೆ ಬಿದ್ದ ಮಣ್ಣಿನ ವಾಸ್ನೆ ಐತಲ್ರೀ" ಎಂದಳು ಮೆಲ್ಲಗೆ. ಕೈ ತೊಳೆದು, ಹಿತ್ತಲ ಹಗ್ಗದ ಮೇಲೆ ಒಣಗುತ್ತಿದ್ದ ಪುಟ್ಟ ಪುಟ್ಟ ಬಟ್ಟೆಗಳನ್ನೂ, ಮೆಟ್ಟಿಲ ಮೇಲೆ ಮಡಿಸಿಟ್ಟ ಕೌದಿಯನ್ನೂ ನೋಡಿದಳು. ಸುಮಾರು ಹೊತ್ತು ಕೌದಿಯ ಮೇಲೆ ಕೈಯಾಡಿಸುತ್ತ ನಿಂತಿದ್ದಳು.

"ನಮ್ಮ ಹೊಲಕ್ಕೆ ಒಂದು ಮಂಕರಿ ಗೊಬ್ಬರ ಕೊಡ್ತೀರಾ, ಗಂಗಮ್ಮೋರೆ? ಹೆಪ್ಪಿಗೆ."

"ಇವತ್ತು ಶುಕ್ರವಾರ. ನಮ್ಮನೆಯಿಂದ ಏನೂ ಹೊರಗೆ ಕೊಡಲ್ಲ." ಮುನಿಗಂಗಮ್ಮನ ಕಣ್ಣಲ್ಲಿ ನೀರೂ ನಗೆಯೂ ಒಟ್ಟಿಗೇ ಬಂದವು. "ರಾತ್ರಿ ಇಲ್ಲೇ ಇದ್ದು, ನಾಳೆ ಮಂಕರಿ ತಗೊಂಡು ಹೋಗಿ."

"ಹಂಗಾದ್ರೆ ನಾಳೆ ಗೊಬ್ಬರ ತಗೊಂಡು ಹೋಗ್ತೀನಿ. ಹುಡುಗೀನ ಇಲ್ಲೇ ಬಿಟ್ಟು ಹೋಗ್ತೀನಿ."

ಗೋಡೆಯಾಚೆಯಿಂದ ಹಮೀದಾ ಕೂಗಿದಳು. "ನಾನು ಹೇಳ್ಲಿಲ್ವಾ ಗಂಗಕ್ಕಾ!"

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈಗ ನಮ್ಮ ತಿಪ್ಪೆಗಳಿಗೆ ತಗಡಿನ ಜೊತೆಗೆ ಪ್ಲಾಸ್ಟಿಕ್ಕೂ ಬಂದು ಬಿದ್ದಿದೆ. ಅದನ್ನೂ ಮಣ್ಣು ತಿನ್ನುವುದಿಲ್ಲ. ಇವತ್ತು ಅಡಿಗೆ ಮಾಡುವಾಗ ಸಿಪ್ಪೆಯನ್ನು ಬೇರೆ ಇಡಿ, ಉಳಿದ ಕಸಕ್ಕೆ ಬೆರೆಸಬೇಡಿ. ಹಿತ್ತಲಿದ್ದರೆ ಗುಂಡಿ, ಇಲ್ಲದಿದ್ದರೆ ತಳ ತೂತಾದ ಒಂದು ಹಳೆಯ ಮಡಕೆ ಸಾಕು. ಸಿಪ್ಪೆಯ ಮೇಲೆ ತರಗು, ಮಣ್ಣು ಮುಚ್ಚುವುದನ್ನು ಮರೆಯಬೇಡಿ. ಅಂಗಡಿಗೆ ಹೋಗುವಾಗ ಮನೆಯ ಚೀಲ ಒಯ್ಯಿರಿ. ಹೆಪ್ಪು ಬೇಕಾದರೆ ಪಕ್ಕದ ಮನೆಯವರನ್ನು ಒಂದು ಹಿಡಿ ಗೊಬ್ಬರ ಕೇಳಿ. ಅವರಲ್ಲಿ ಇಲ್ಲವಾದರೆ ನೀವೇ ಶುರುಮಾಡಿ, ಆಮೇಲೆ ಅವರಿಗೆ ಕೊಡಿ. ಶುಕ್ರವಾರವಾದರೆ ಒಂದು ರಾತ್ರಿ ಉಳಿಸಿಕೊಂಡು, ಮರುದಿನ ಕೊಡಿ.