ಹದಿಮೂರು ಶಾಪುಗಳ ಸಂಸಾರ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ಶ್ಯಾಮಸುಂದರನಿಗೆ ತಾನು ಬಲು ತಮಾಷೆಯ ಮನುಷ್ಯ ಎಂಬ ನಂಬಿಕೆಯಿತ್ತು. ಹೆಂಡತಿ ವೆಂಕಟಲಕ್ಷ್ಮಿಗೆ ಇರಲಿಲ್ಲ. ಅವಳು ಒಂಬತ್ತು ವರ್ಷದ ಮಗಳು ವಾಸಂತಿಯನ್ನು ಕರೆದುಕೊಂಡು ಮಲ್ಲೇಶ್ವರದ ತವರಿಗೆ ಹೋಗಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಳು. ಮಗಳು ತನ್ನ ಬಳಿಯೇ ಇರಬೇಕೆಂದು ಇವನೂ ಒಂದು ಅರ್ಜಿ ಗುಜರಾಯಿಸಿದ. ‘ಮಗುವಿನ ಇಚ್ಛೆಯೂ ಇದೇ’ ಎಂದು ಅದರಲ್ಲಿ ಬರೆಸಿದ. ಮಗುವನ್ನು ಕೇಳಿರಲಿಲ್ಲ. ಮಂಗಳವಾರ ಜಡ್ಜ್ ಸಾಹೇಬರು ಕೇಳುವವರಿದ್ದರು. ಅಷ್ಟರೊಳಗೆ ಅವಳನ್ನು ಒಂದು ಸಲ ಹೊಟ್ಟೆ ಹುಣ್ಣಾಗುವಂತೆ ನಗಿಸಿಬಿಟ್ಟರೆ ಅವಳು ತನ್ನವಳೇ ಎಂದುಕೊಂಡಿದ್ದ, ಮಹಾಶಯ.

ಅದಕ್ಕೆಂದೇ ಕಾರ್ಖಾನೆಯಲ್ಲಿ ಭಾನುವಾರ ನಡೆಯಲಿದ್ದ ರಾಜ್ಯೋತ್ಸವಕ್ಕೆ ತನ್ನ ಮನೆಯ ಗೋಳನ್ನೇ ಹಾಸ್ಯನಾಟಕ ಮಾಡಿ ಬರೆದ. ಮಾನ ಮರ್ಯಾದೆ ಇದ್ದವರು ಮಾಡುವ ಕೆಲಸವಲ್ಲ.

ಓದಿ ನೋಡಿದ ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿ ನರಸಪ್ಪ, “ಎಲ್ಲಾ ಶಾಪಿಗೂ ಒಂದೊಂದ್ ಪಾರ್ಟ್ ಇರ್ಲೇಬೇಕು ಸಾರ್. ಹೋದ್ ವರ್ಷ ಪಾರ್ಟ್ ಸಿಗ್ದೆ ಪೇಂಟ್ ಶಾಪ್ನೋರು ಊಟಾನೇ ಮುಟ್ಲಿಲ್ಲ” ಎಂದ.

ಕಾರ್ಖಾನೆಯಲ್ಲಿ ಶಾಪುಗಳು, ಅಂದರೆ ವಿಭಾಗಗಳು, ಹದಿಮೂರು. ಮೂರು ಜನರ ಸಂಸಾರ ಊದಿಕೊಂಡಿತು. ಫೌಂಡ್ರಿಯಿಂದ ತೆಲುಗು ಮಾತಾಡುವ ಮಾವ ಬಂದ, ಪೇಂಟ್ ಶಾಪಿನಿಂದ ಉರ್ದುವಿನಲ್ಲಿ ವಾದಿಸುವ ವಕೀಲ, ಪ್ಯಾಕಿಂಗಿನಿಂದ ತಮಿಳಿನಲ್ಲಿ ಬೈಯುವ ಪಕ್ಕದ ಮನೆಯವನು. ಶಾಪುಗಳಲ್ಲಿ ಹೆಂಗಸರೇ ಇಲ್ಲದ್ದರಿಂದ ಹೆಂಡತಿಯ ಪಾರ್ಟು ಫೋರ್ಜಿಂಗಿನ ಪಾಪಯ್ಯನಿಗೆ ಹೋಯಿತು. ಅವನು ಮೀಸೆ ಬೋಳಿಸಲು ಸುತರಾಂ ಒಪ್ಪಲಿಲ್ಲ. “ಮೀಸೆ ತೆಗುದ್ರೆ ನಮ್ ಬೈರಮ್ಮ ಮನೆ ಒಳೀಕೇ ಸೇರ್ಸಾಕಿಲ್ಲ ಸಾಮಿ!” ಹಾಗಾಗಿ ನಾಯಕಿ ನಾಟಕವಿಡೀ ಗೋಡೆಗೆ ಮುಖ ಮಾಡಿ ಮುನಿಸಿಕೊಂಡಿರುವುದೆಂದಾಯಿತು.

ನಾಟಕಕ್ಕೆ ಇದ್ದದ್ದು ಒಂದೇ ಗಂಟೆ. ಎಲ್ಲರಿಗೂ ಇನ್ನಷ್ಟು ಮಾತು ಬೇಕು. ಮಗಳ ಪಾರ್ಟು ವಾಚ್‌ಮನ್ ಮಗಳದು. ಅವಳ ಪರವಾಗಿ ಜಗಳಕ್ಕೆ ಬರುವ ಶಾಪು ಯಾವುದೂ ಇರಲಿಲ್ಲ. ಶ್ಯಾಮಸುಂದರ ಅವಳ ಮಾತುಗಳನ್ನೆಲ್ಲ ಹೊಡೆದುಹಾಕಿ ಸ್ಟೂಲಿನ ಮೇಲೆ ಕೂರಿಸಿದ.

ಭಾನುವಾರ ಮಧ್ಯಾಹ್ನ ಕ್ಯಾಂಟೀನ್ ಹಾಲ್ ನಗೆಯಿಂದ ಬಿದ್ದುಹೋಗುವಂತಿತ್ತು. ಅಪ್ಪನ ಕಡೆಯವರು ಹುಡುಗಿಯ ಒಂದು ಕೈ ಎಳೆದರೆ ಅಮ್ಮನ ಕಡೆಯವರು ಇನ್ನೊಂದು ಕೈ ಎಳೆದರು. ನರಸಪ್ಪ ಕಣ್ಣೀರು ಒರೆಸಿಕೊಂಡು ನಕ್ಕ. ಪರದೆಯ ಸಂದಿಯಿಂದ ಶ್ಯಾಮಸುಂದರ ಇಣುಕಿದ. ಬೆಳಿಗ್ಗೆ ತಾನೇ ತವರಿನಿಂದ ಕರೆತಂದು ಮೊದಲನೇ ಸಾಲಿನಲ್ಲಿ ಕೂರಿಸಿದ್ದ ವಾಸಂತಿ ನಗದೆ ಆ ಹುಡುಗಿಯನ್ನೇ ನೋಡುತ್ತಿದ್ದಳು.

ವಾಪಸು ಮಲ್ಲೇಶ್ವರದ ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು. “ಅಪ್ಪ, ಅಷ್ಟ್ ಜನ ಇದ್ರಲ್ಲ, ನಿಂಗೇನ್ ಬೇಕು ಅಂತ ಆ ಹುಡುಗೀನ ಒಬ್ರೂ ಯಾಕ್ ಕೇಳ್ಲಿಲ್ಲ?”

“ಟೈಮ್ ಇರ್ಲಿಲ್ಲ ಪುಟ್ಟಿ.” ಹೇಳಿದ ಮೇಲೆ ಕೋರ್ಟಿನ ಅರ್ಜಿ ನೆನಪಾಗಿ ಅವನ ಮುಖ ಬಿಸಿಯಾಯಿತು. ತಡವರಿಸುತ್ತ ಕೇಳಿದ, “ನಿಂಗೇನ್ ಬೇಕು?”

ಅವಳು ಯೋಚಿಸಲೇ ಇಲ್ಲ. “ಅಮ್ಮನ ಹತ್ರಾನೇ ಇರ್ತೀನಿ. ಭಾನುವಾರ ನಿನ್ ಹತ್ರ ಬರ್ತೀನಿ. ಆದ್ರೆ ನನ್ನ ನಗಿಸ್ಬೇಡ ಅಪ್ಪ. ನಗ್ದೇ ಇದ್ರೆ ನಿಂಗ್ ಬೇಜಾರಾಗತ್ತೆ ಅಂತ ನಗ್ತಾ ನಗ್ತಾ ನಂಗೆ ಸುಸ್ತಾಗತ್ತೆ.”

ಆಗಲೂ ಶ್ಯಾಮಸುಂದರನ ನಾಲಿಗೆಯ ತುದಿಗೆ ಒಂದು ತಮಾಷೆ ಬಂದು ನಿಂತಿತ್ತು, ಹಾಳು ಚಾಳಿ. ಅದನ್ನು ನುಂಗಿಕೊಂಡ. ನಾಳೆಯೇ ವಕೀಲರ ಬಳಿ ಹೋಗಿ ಅರ್ಜಿ ವಾಪಸು ಪಡೆಯಬೇಕು ಎಂದುಕೊಳ್ಳುವಷ್ಟರಲ್ಲಿ ಅಳು ಬಂತು, ಅದನ್ನು ನುಂಗಲಾಗಲಿಲ್ಲ. ವಾಸಂತಿ ಅವನ ಕೈ ಹಿಡಿದುಕೊಂಡಳು. ಯಶವಂತಪುರ ದಾಟುವವರೆಗೂ ಇಬ್ಬರೂ ನಗಲಿಲ್ಲ.