ಇನ್ನೊಂದು ಸೀಸನ್

ಕೈ ಹಿಡಿಯುವ ಹೊತ್ತು ಇನ್ನೂ ಬಂದಿರಲಿಲ್ಲ, ಅಂಗೈ ಆಗಲೇ ಬೆವರಿತ್ತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡ. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ನೋಡಿಯೂ ನೋಡದವಳಂತೆ ಟೀವಿಯ ಕಡೆ ತಿರುಗಿದಳು.

“ಬೂಟು! ಯಾರೋ ಬೂಟು ಹಾಕ್ಕೊಂಡಿದೀರ!” ಡಾಕ್ಟರಮ್ಮ ಕಿರುಚಿದರು.

ಅವನೇ. ಎದ್ದು ಬಾಗಿಲ ಬಳಿ ಬಿಚ್ಚಿಟ್ಟು, ಕಳ್ಳನ ಹಾಗೆ ವಾಪಸು ಬಂದು ಕೂತ.

ಅದು ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆ. ಹನ್ನೊಂದಕ್ಕೆ ತೆರೆಯುತ್ತದೆಂಬ ಬೋರ್ಡು ಬಾಗಿಲಿಗೆ ನೇತಾಡುತ್ತಿತ್ತು, ಈಗಿನ್ನೂ ಒಂಬತ್ತೂವರೆ. ಹಲ್ಲುಜ್ಜುವ ಕ್ರಮ ತೋರಿಸಬೇಕಾದ ಟೀವಿಯಲ್ಲಿ ಯಾವುದೋ ದೂರದೂರಿನ ಮಂಜುಗಡ್ಡೆಯ ಅಂಗಳ ಬೆಳ್ಳಗೆ ಹೊಳೆಯುತ್ತಿತ್ತು. ಐಸ್ ಡಾನ್ಸಿನ ಈ ಸೀಸನ್ನಿನ ಆರನೆಯ ಸ್ಪರ್ಧೆ, ಕೊನೆಯದು. ಮೂರು ವರ್ಷಗಳಿಂದ ಚಾಂಪಿಯನ್ ಆಗಿರುವ ಜೋಡಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಅಂಗಳಕ್ಕಿಳಿಯಬೇಕು. ಆ ಇಬ್ಬರನ್ನು ಇಲ್ಲಿ ಎಲ್ಲರೂ ಹುಡುಗ, ಹುಡುಗಿ ಎಂದಷ್ಟೇ ಕರೆಯುತ್ತಿದ್ದರು, ನೆಂಟರ ಮಕ್ಕಳ ಹಾಗೆ.

ಎಲ್ಲರೂ ಎಂದರೆ ನಾಲ್ಕು ಜನ. ಅರವತ್ತು ದಾಟಿದ ಡಾಕ್ಟರಮ್ಮ. ಪಕ್ಕದ ಹೊಲಿಗೆ ಅಂಗಡಿಯವಳು; ಹುಡುಗಿಯ ಉಡುಪಿನ ಒಂದೊಂದು ಹೊಲಿಗೆಯನ್ನೂ ಟೀವಿಗೆ ಮೂಗು ತಗುಲಿಸಿ ನೋಡುವವಳು. ಮತ್ತೆ ಅವನು, ಅವನ ಹೆಂಡತಿ. ನಾಲ್ವರಲ್ಲಿ ಒಬ್ಬರಿಗೂ ಸ್ಕೇಟು ಕಟ್ಟಿಕೊಂಡು ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಆದರೆ ತೀರ್ಪುಗಾರರಿಗೆ ಬುದ್ಧಿ ಇಲ್ಲವೆಂಬುದರಲ್ಲಿ ನಾಲ್ವರಿಗೂ ಒಮ್ಮತವಿತ್ತು.

ಹೆಂಡತಿ ಕಾಲೇಜಿನಲ್ಲಿ ಕಲಿಸುವ ಪರಭಾಷೆಯಲ್ಲೇ ಕಾಮೆಂಟರಿ ಬರುತ್ತಿತ್ತು. ಅದು ಅವಳೊಬ್ಬಳಿಗೇ ಅರ್ಥವಾಗುವುದರಿಂದ ಗುಂಪಿನಲ್ಲಿ ಅವಳಿಗೆ ಭಾರೀ ಮರ್ಯಾದೆ. ಅವನು ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಗುಂಪಿನಲ್ಲಿ ಅವನ ಕೆಲಸ ಅವಳ ಪಕ್ಕ ಕೂರುವುದು.

ಆ ಕೆಲಸ ಹೇಗೆ ಬಂತೆಂದರೆ, ಸೀಸನ್ನಿನ ಎರಡನೆಯ ಸ್ಪರ್ಧೆಯ ಹಿಂದಿನ ದಿನ ಗಂಡಹೆಂಡಿರು ಬೇರೆಯಾಗುವುದೆಂದು ತೀರ್ಮಾನಿಸಿದ್ದರು. ಕೂಗಾಟವಿರಲಿಲ್ಲ. ಕಿಟಕಿಯ ಪರದೆ ಬದಲಾಯಿಸುವ ಮಾತಿನಷ್ಟೇ ಸಲೀಸಾಗಿ, ಊಟದ ಮೇಜಿನ ಮೇಲೆ ಅದು ಇತ್ಯರ್ಥವಾಯಿತು. ಮರುದಿನ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿದು ಬಂದು, ಸಾಲಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಎಡವದ ಹುಡುಗಿ ಅವತ್ತು ಧೊಪ್ಪನೆ ಬಿದ್ದಳು. ಜೋಡಿಗೆ ನಾಲ್ಕನೆಯ ಸ್ಥಾನ.

ಡಾಕ್ಟರಮ್ಮ ಕಾರಣ ಕಂಡುಹಿಡಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. “ನೀವಿಬ್ರೂ ದೂರ ದೂರ ಕೂತ್ರಲ್ಲ, ಅದಕ್ಕೇ! ಮುಂದಿನ ಸಲ ನಡುವೆ ಕೂರ್ಬೇಕು. ಕುಣಿಯೋಷ್ಟು ಹೊತ್ತೂ ಕೈ ಹಿಡ್ಕೊಂಡಿರ್ಬೇಕು.”

ಆಗುವುದಿಲ್ಲ ಎನ್ನಬೇಕಾದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹಿಡಿದರು. ಹುಡುಗ ಹುಡುಗಿ ಗೆದ್ದರು. ನಾಲ್ಕನೆಯದನ್ನು ಗೆದ್ದರು, ಐದನೆಯದನ್ನೂ ಗೆದ್ದರು. ಹೊಲಿಗೆಯವಳು ಇವರಿಗೆ ‘ನಮ್ಮ ಜೋಡಿ’ ಎಂದು ಹೆಸರಿಟ್ಟಳು.

“ಸೀಸನ್ ಮುಗೀಲಿ,” ಎಂದಿದ್ದಳು ಹೆಂಡತಿ, ಮೂರನೆಯ ಸ್ಪರ್ಧೆ ಗೆದ್ದ ದಿನ ಬಸ್‌ಸ್ಟಾಪಿಗೆ ನಡೆಯುತ್ತಾ. “ಡಾಕ್ಟರಮ್ಮ ಅವರಿಗೆಲ್ಲ ಈಗ್ಲೇ ಯಾಕೆ ಬೇಜಾರು ಮಾಡೋದು.”

“ಹೂಂ,” ಎಂದಿದ್ದ.

ಆಮೇಲಿನ ತಿಂಗಳುಗಳಲ್ಲಿ ಅವರು ಮಾತಾಡಿದಷ್ಟು ಮದುವೆಯಾದ ಹೊಸತರಲ್ಲೂ ಮಾತಾಡಿರಲಿಲ್ಲ. ಎಲ್ಲವೂ ಆ ಜೋಡಿಯದೇ ಮಾತು. ಹುಡುಗನ ಮಂಡಿ ನೋವು, ಹುಡುಗಿಯ ಹೊಸ ಹೇರ್‌ಕಟ್ಟು, ಎದುರಾಳಿಗಳ ಕೋಚು ಎಷ್ಟು ಕುತಂತ್ರಿ ಎಂಬುದು. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂದದ್ದೂ ಉಂಟು. ಆದರೆ ಸೀಸನ್ನು ಇವತ್ತು ಮುಗಿಯುತ್ತದೆ. ಸಂಜೆ ನಾಲ್ಕಕ್ಕೆ ಅವಳ ಅಕ್ಕ ವ್ಯಾನು ತರುತ್ತಾಳೆ. ಮನೆಯ ಪಡಸಾಲೆಯಲ್ಲಿ ಹನ್ನೊಂದು ರಟ್ಟಿನ ಪೆಟ್ಟಿಗೆಗಳಿವೆ. ಟೇಪು ಹಚ್ಚಿದವನು ಅವನೇ. ಏಳನೆಯ ಪೆಟ್ಟಿಗೆಗೆ ಹಚ್ಚುವಾಗ, ಇವಳು ಹೋಗುವುದು ತನಗೆ ಬೇಡ ಎಂದು ಅವನಿಗೆ ಹೊಳೆಯಿತು. ಎಂಟನೆಯದಕ್ಕೂ ಹಚ್ಚಿದ.

ತಪ್ಪು ಹುಡುಕುವುದೇ ಉದ್ಯೋಗವಾಗಿದ್ದರೂ ತಮ್ಮಿಬ್ಬರ ನಡುವೆ ತಪ್ಪಿದ್ದು ಎಲ್ಲೆಂದು ಅವನಿಗೆ ಸಿಕ್ಕಿರಲಿಲ್ಲ. ಈಗ ಒಂದೇ ಒಂದು ಆಸೆ ಉಳಿದಿತ್ತು. ಮುಂದಿನ ವರ್ಷ ಆಡುತ್ತೇವೋ, ನಿವೃತ್ತರಾಗುತ್ತೇವೋ ಎಂಬುದನ್ನು ಸ್ಪರ್ಧೆಯ ಬಳಿಕ ಹೇಳುತ್ತೇವೆಂದು ಆ ಜೋಡಿ ತಿಳಿಸಿತ್ತು. ಇನ್ನೊಂದು ಸೀಸನ್ ಇದೆ ಅಂದರೆ, ಅದು ಮುಗಿಯುವವರೆಗೆ ಇರು ಎಂದು ಅವಳನ್ನು ಕೇಳುವುದು. ಸುಮ್ಮನೆ ‘ಹೋಗಬೇಡ’ ಎನ್ನಲಾರದೆ, ಪರಿಚಯವೇ ಇಲ್ಲದ ಇಬ್ಬರ ಅನುಮತಿಗೆ ಕಾಯುತ್ತಿರುವುದು ಅವನಿಗೇ ನಾಚಿಕೆಯೆನಿಸಿತು. ಕಾಯುವುದನ್ನೇನೂ ಬಿಡಲಿಲ್ಲ.

ಬಾಗಿಲು ಬಡಿದ ಸದ್ದಾಯಿತು.

“ಹನ್ನೊಂದಕ್ಕೆ!” ಡಾಕ್ಟರಮ್ಮ ಕೂತಲ್ಲಿಂದಲೇ ಕೂಗಿದರು.

“ತಡ್ಕೊಳ್ಳೋಕಾಗ್ತಿಲ್ಲ, ಡಾಕ್ಟ್ರೇ!”

ಒಂದು ಕೆನ್ನೆ ಬನ್ನಿನ ಹಾಗೆ ಊದಿಕೊಂಡಿದ್ದ ಮಧ್ಯವಯಸ್ಕ. ಡಾಕ್ಟರಮ್ಮ ಅವನ ಕೈಗೆ ಒಂದು ಮಾತ್ರೆ ಕೊಟ್ಟರು. “ಬೂಟು ಬಿಚ್ಚಿ. ಆ ಮೂಲೇಲಿ ಕೂತ್ಕೊಳ್ಳಿ. ನರಳಬೇಡಿ, ಕಾಮೆಂಟರಿ ಕೇಳ್ಸಲ್ಲ.”

ರೋಗಿ ಕೆನ್ನೆ ಹಿಡಿದುಕೊಂಡೇ ಟೀವಿ ನೋಡಿದ. “ಇವರು ಗಂಡಹೆಂಡ್ತೀನಾ?”

ಗುಂಪನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆಯನ್ನು ಅವನು ಬಂದ ಎರಡು ನಿಮಿಷಕ್ಕೆ ಕೇಳಿಬಿಟ್ಟಿದ್ದ.

“ಗುಟ್ಟಾಗಿ ಆಗಿದಾರೆ,” ಎಂದಳು ಹೊಲಿಗೆಯವಳು.

“ಇಲ್ಲ, ಇನ್ನೂ ಇಲ್ಲ,” ಎಂದರು ಡಾಕ್ಟರಮ್ಮ.

“ಅದು ಅವರ ಕೆಲಸ,” ಎಂದಳು ಹೆಂಡತಿ. “ಪ್ರೀತಿಯಿಂದ ನೋಡ್ದಂಗೆ ನೋಡಿದ್ರೆ ಅದಕ್ಕೂ ಅಂಕ ಸಿಗುತ್ತೆ.”

“ದೂರ ಹೋದ್ರೆ ಅಂಕ ಕಟ್ಟಾಗುತ್ತೆ,” ಎಂದ ಅವನು. ತನ್ನ ದನಿ ಜೋರಾಯಿತೆನಿಸಿತು. “ಎರಡು ತೋಳಿನಷ್ಟು ದೂರ ಮಾತ್ರ. ಅದಕ್ಕಿಂತ ಜಾಸ್ತಿ ಬಿಟ್ಟಿರೋ ಹಾಗಿಲ್ಲ.”

“ಒಳ್ಳೇ ರೂಲ್ಸು,” ಎಂದ ರೋಗಿ.

ಹೆಂಡತಿ ರಿಮೋಟು ಎತ್ತಿಕೊಂಡು ಟೀವಿಯ ದನಿ ಏರಿಸಿದಳು.

ಎದುರಾಳಿ ಜೋಡಿ ಕುಣಿದು ಮುಗಿಸಿತು. ಚೆನ್ನಾಗಿಯೇ ಕುಣಿಯಿತು. “ಪಾಪ, ಒಳ್ಳೇ ಮಕ್ಕಳು, ಎರಡನೇ ಸ್ಥಾನ ಬರ್ಲಿ,” ಎಂದು ಡಾಕ್ಟರಮ್ಮ ಹರಸಿದರು. ಟೀವಿಯಲ್ಲಿ ಅವರ ಅಂಕ ಬಂತು. ತುಂಬಾ ಹೆಚ್ಚಿತ್ತು. ಹೊಲಿಗೆಯವಳು ಕುತ್ತಿಗೆಯಲ್ಲಿದ್ದ ಅಳತೆ ಟೇಪಿನ ತುದಿಯನ್ನು ಬಾಯಿಗಿಟ್ಟುಕೊಂಡು ಕಚ್ಚತೊಡಗಿದಳು.

“ಕೈ!” ಎಂದರು ಡಾಕ್ಟರಮ್ಮ. “ಕೈ, ಕೈ, ಬಂದ್ರು!”

ಅವನು ಕೈ ಚಾಚಿದ. ಅವಳದು ಆಗಲೇ ಅಲ್ಲಿತ್ತು.

ನಾಲ್ಕು ನಿಮಿಷ. ಟೀವಿಯಲ್ಲಿ ಏನಾಯಿತೆಂಬುದರಲ್ಲಿ ಅರ್ಧ ಅವನಿಗೆ ಅವಳ ಬೆರಳುಗಳಿಂದಲೇ ಗೊತ್ತಾಯಿತು. ಹುಡುಗ ಹುಡುಗಿ ಒಂದೇ ಕಾಲಿನ ಮೇಲೆ ಬುಗುರಿಯಂತೆ ಸುತ್ತುತ್ತಾ ಅಂಗಳದ ಆ ಬದಿಗೆ ಜಾರಿದಾಗ ಬೆರಳು ಬಿಗಿದವು. ಹುಡುಗ ಹುಡುಗಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬಾಗಿದಾಗ ಉಗುರು ಚುಚ್ಚಿತು. ಹಿಂದೆ ಹುಡುಗಿ ಬಿದ್ದಿದ್ದ ಆ ತಿರುವು ಬಂತು. ಹೊಲಿಗೆಯವಳು ಕಣ್ಣು ಮುಚ್ಚಿಕೊಂಡಳು. ರೋಗಿ “ಅಮ್ಮಾ” ಎಂದ, ಹಲ್ಲಿಗೋ ಹುಡುಗಿಗೋ ತಿಳಿಯಲಿಲ್ಲ. ಹುಡುಗಿ ಬೀಳಲಿಲ್ಲ. ಅವನಿಗೆ ಒಮ್ಮೆಲೇ ಎಂಥ ಖುಷಿಯಾಯಿತೆಂದರೆ, ಪೆಟ್ಟಿಗೆ, ವ್ಯಾನು, ನಾಲ್ಕು ಗಂಟೆ ಎಲ್ಲವೂ ಯಾರದೋ ಮನೆಯ ಸುದ್ದಿಯಂತೆ ಹಗುರಾದವು. ಸಂಗೀತ ನಿಂತಿತು. ಹುಡುಗನ ತೋಳಿನ ಮೇಲೆ ಹುಡುಗಿ ಹಿಂದಕ್ಕೆ ಬಾಗಿ, ಎರಡೂ ಕಾಲು ನೆಲ ಬಿಟ್ಟು, ಉಸಿರುಗಟ್ಟಿದವಳಂತೆ ಸ್ತಬ್ಧಳಾದಳು.

ಅಂಕ ಬಂತು. ಎದುರಾಳಿಗಳಿಗಿಂತ ಒಂದು ಅಂಕದ ಮೂರನೇ ಒಂದು ಭಾಗದಷ್ಟು ಹೆಚ್ಚು.

ಆಮೇಲೆ ಆ ಕೋಣೆಯಲ್ಲಿ ಯಾರು ಯಾರನ್ನು ತಬ್ಬಿಕೊಂಡರೆಂಬುದಕ್ಕೆ ಲೆಕ್ಕವಿರಲಿಲ್ಲ. ಡಾಕ್ಟರಮ್ಮ ಕಾಲುಚೀಲದಲ್ಲೇ ಗಿರ್ರನೆ ಒಂದು ಸುತ್ತು ಹೊಡೆದು, ಪತ್ರಿಕೆಗಳ ಮೇಜಿಗೆ ಡಿಕ್ಕಿ ಹೊಡೆದರು. ಹೊಲಿಗೆಯವಳು ಅತ್ತಳು, ನಕ್ಕಳು, ಮತ್ತೆ ಅತ್ತಳು. ರೋಗಿ ತನ್ನ ಕೆನ್ನೆ ಮರೆತು ಚಪ್ಪಾಳೆ ತಟ್ಟಿದ. “ಬನ್ನಿ, ನಿಮ್ಮ ಕಾಲ್ಗುಣ!” ಎಂದು ಡಾಕ್ಟರಮ್ಮ ಅವನನ್ನು ಒಳಗೆಳೆದುಕೊಂಡು ಹೋಗಿ, ಅದೇ ಸಂಭ್ರಮದಲ್ಲಿ ಒಸಡಿಗೆ ಇಂಜೆಕ್ಷನ್ ಚುಚ್ಚಿ ಕರೆತಂದರು. “ಮರಗಟ್ಟೋಕೆ ಹತ್ತು ನಿಮಿಷ ಬೇಕು. ಅಲ್ಲೀವರೆಗೂ ಖುಷಿಪಡಿ.”

ಅಷ್ಟರಲ್ಲಿ ಟೀವಿಯಲ್ಲಿ ಹುಡುಗನ ಮುಂದೆ ಮೈಕು ಹಿಡಿದರು.

“ಶ್! ಶ್!”

ಹುಡುಗ ಮಾತಾಡಿದ. ತುಂಬ ಹೊತ್ತು ಮಾತಾಡಿದ. ಮಧ್ಯೆ ಒಮ್ಮೆ ನಿಲ್ಲಿಸಿ ಹುಡುಗಿಯ ಕಡೆ ನೋಡಿದ. ಎಲ್ಲರೂ ಹೆಂಡತಿಯ ಮುಖ ನೋಡುತ್ತಿದ್ದರು. ಅವಳು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

“ಏನಂತೆ? ಹೇಳಮ್ಮ, ಏನಂತೆ?”

“ಮುಂದಿನ ವರ್ಷಾನೂ ಇರ್ತಾರಂತೆ,” ಎಂದಳು ಹೆಂಡತಿ. “ಇನ್ನೊಂದು ಸೀಸನ್ ಆಡ್ತಾರಂತೆ.”

ಕೋಣೆ ಮತ್ತೊಮ್ಮೆ ಸಿಡಿಯಿತು. ಡಾಕ್ಟರಮ್ಮ ಅವಳ ಹಣೆಗೆ ಮುತ್ತಿಟ್ಟರು, ಅವಳೇ ಆಡುವವಳೇನೋ ಎಂಬಂತೆ.

ಅವನೂ ಜಿಗಿಯಲು ಎದ್ದ. ಎದ್ದವನ ಕಣ್ಣು ಟೀವಿಯ ಮೇಲೆ ಬಿತ್ತು. ಅಲ್ಲಿ ಸಾವಿರಾರು ಜನ ಎದ್ದು ನಿಂತಿದ್ದರು, ಯಾರೂ ಕುಣಿಯುತ್ತಿರಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ಕರವಸ್ತ್ರವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದರು. ಹುಡುಗಿ ಮತ್ತೆ ಅಂಗಳಕ್ಕಿಳಿದು, ನಡುವೆ ಮಂಡಿಯೂರಿ, ಅಂಗೈಯನ್ನು ಮಂಜಿನ ಮೇಲಿಟ್ಟು, ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

“ಯಾಕೆ ಹಾಗೆ ಬಗ್ಗಿದಾಳೆ?” ಎಂದಳು ಹೊಲಿಗೆಯವಳು.

“ಖುಷಿಗೆ,” ಎಂದಳು ಹೆಂಡತಿ.

ಅವನಿಗೆ ಆ ಭಾಷೆಯ ಒಂದಕ್ಷರ ಬಾರದು. ಅಲ್ಲಿ ನಡೆಯುತ್ತಿದ್ದುದು ವಿದಾಯವೆಂದು ತಿಳಿಯಲು ಅದು ಬೇಕಿರಲಿಲ್ಲ. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವಳು ಒಂದು ಮಾತನ್ನೂ ತಪ್ಪಾಗಿ ಅನುವಾದಿಸಿದ್ದನ್ನು ಅವನು ಕಂಡಿರಲಿಲ್ಲ. ಸಿನಿಮಾ ಮಂದಿರದಲ್ಲಿ ಪರದೆಯ ಕೆಳಗಿನ ಅನುವಾದ ತಪ್ಪಾದರೆ ಗಟ್ಟಿಯಾಗಿ ತಿದ್ದಿ ಹಿಂದಿನವರಿಂದ ಬೈಸಿಕೊಂಡವಳು ಅವಳು. ಈಗ ಅವಳೇ ಸುಳ್ಳು ಹೇಳಿದ್ದಳು. ಸಂಜೆಯ ಹೊತ್ತಿಗೆ ಸುದ್ದಿ ಎಲ್ಲರಿಗೂ ಗೊತ್ತಾಗುತ್ತದೆ, ಇದು ಅಲ್ಲೀತನಕ ಉಳಿಯುವ ಸುಳ್ಳು. ಇವರಿಗೆ ಬೇಜಾರಾಗದಿರಲಿ ಎಂದು ಹೇಳಿದಳೇ? ಅಥವಾ ಸೀಸನ್ ಮುಗಿದಿಲ್ಲವೆಂದು ನನಗೆಂದೇ ಹೇಳಿದಳೇ?

“ಫೋಟೋ!” ಎಂದರು ಡಾಕ್ಟರಮ್ಮ, ಟೀವಿಯ ದನಿ ಆರಿಸಿ. “ನಮ್ಮ ಜೋಡಿ ಮುಂದೆ ಬರ್ಲಿ. ಅವರು ಕೊನೇಲಿ ನಿಂತ್ರಲ್ಲ, ಹಾಗೇ ನಿಲ್ಬೇಕು!”

“ನನ್ನ ಸೊಂಟ ಮುರಿಯುತ್ತೆ,” ಎಂದಳು ಹೆಂಡತಿ, ನಗುತ್ತಾ ಎದ್ದು ಬಂದಳು.

ಫೋನು ರೋಗಿಯ ಕೈಗೆ ಬಂತು. ಗಂಡ ಹೆಂಡತಿಯ ಬೆನ್ನಿಗೆ ತೋಳು ಕೊಟ್ಟ. ಅವಳು ಹಿಂದಕ್ಕೆ ಬಾಗಿದಳು, ಒಂದು ಕಾಲು ಎತ್ತಿ ಚಾಚಿ, ಇನ್ನೊಂದರ ತುದಿಬೆರಳನ್ನು ಜಾಣತನದಿಂದ ನೆಲದಲ್ಲೇ ಉಳಿಸಿಕೊಂಡು. ಹೊಲಿಗೆಯವಳು ಅವಳ ಕೂದಲನ್ನು ಜೋತುಬೀಳುವಂತೆ ಸರಿಮಾಡಿ ಹಿಂದೆ ಹೋಗಿ ನಿಂತಳು. ಮುಖಕ್ಕೆ ಮುಖ ಇಷ್ಟು ಹತ್ತಿರ ಬಂದು ಎಷ್ಟು ಕಾಲವಾಗಿತ್ತೋ.

“ಏನಂದ ಹುಡುಗ?” ಅವನು ತುಟಿ ಅಲ್ಲಾಡಿಸದೆ ಕೇಳಿದ.

“ಹೇಳಿದೆನಲ್ಲ.”

“ನಂಗೆ ಹೇಳು.”

“ನಗ್ತಾ ಇರಿ. ಫೋಟೋ ತೆಗೀತಿದಾರೆ.”

“ಇದು ನನ್ನ ಮುಖಾನೇ ತೋರಿಸ್ತಿದೆ!” ಎಂದ ರೋಗಿ, ಮರಗಟ್ಟುತ್ತಿದ್ದ ಬಾಯಲ್ಲಿ. ಎಲ್ಲರೂ ಹೋ ಎಂದು ನಕ್ಕರು. “ಒಂದ್ನಿಮಿಷ, ಹಾಗೇ ಇರಿ.”

“ಅಕ್ಕ ನಾಲ್ಕಕ್ಕೆ ಬರ್ತಾಳಲ್ಲ?”

“ಬರ್ತಾಳೆ.”

“ಮತ್ತೆ ಯಾಕೆ...” ‘ಹೋಗಬೇಡ’ ಎಂಬುದು ಗಂಟಲವರೆಗೆ ಬಂದಿತ್ತು. “ಮತ್ತೆ ಯಾಕೆ ಹಾಗಂದೆ?”

ಅವಳು ಅವನ ಕಣ್ಣನ್ನೇ ನೋಡಿದಳು. ಅದು ಅಂಕಕ್ಕಾಗಿ ನೋಡುವ ನೋಟವೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಉತ್ತರ ಕೊಡುವ ಬದಲು ಅವಳು ನೆಲಕ್ಕೆ ತಾಗಿಸಿದ್ದ ಆ ತುದಿಬೆರಳನ್ನೂ ಎತ್ತಿಬಿಟ್ಟಳು.

ಇಷ್ಟು ವರ್ಷಗಳಲ್ಲಿ ಅವಳ ಪೂರ್ತಿ ಭಾರ ಅವನ ಮೇಲೆ ಬಿದ್ದದ್ದು ಇದೇ ಮೊದಲು. ಅವನು ಹಲ್ಲು ಕಚ್ಚಿದ. ಮೇಲೆತ್ತಿ ನಿಲ್ಲಿಸಿದರೆ ಅವಳು ನಡೆದು ಹೋಗುತ್ತಾಳೆ. ಬಿಟ್ಟರೆ ಬೀಳುತ್ತಾಳೆ.

“ಆಯ್ತಾ?” ಎಂದರು ಡಾಕ್ಟರಮ್ಮ ಹಿಂದಿನಿಂದ.

“ಇನ್ನೂ ಇಲ್ಲ,” ಎಂದ ರೋಗಿ, ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಾ. ಅವನ ಮುಖದ ಒಂದು ಪಕ್ಕ ಮಾತ್ರ ನಗುತ್ತಿತ್ತು. “ತುಂಬ ಚೆನ್ನಾಗಿ ಕಾಣ್ತಿದೀರ. ಹಾಗೇ ಇರಿ.”

ತೋಳು ಭುಜದಿಂದ ನಡುಗತೊಡಗಿತು. ಹೆಂಡತಿ ನಗುತ್ತಲೇ ಕಣ್ಣು ಮುಚ್ಚಿಕೊಂಡಳು. ನೆಲ ಅವಳ ಪಾದಕ್ಕೆ ಗೇಣುದ್ದ ದೂರದಲ್ಲಿತ್ತು, ಅವಳು ಕಾಲೂರಲಿಲ್ಲ.