ಯುಗೆತ್ ನಿಲ್ಲಲಿಲ್ಲ

ಫಿರ್ಮ್ಯಾಂ ಸೈಕಲ್ಲಿನ ಸೀಟಿನಿಂದ ಕೈ ತೆಗೆದು ಎಷ್ಟು ಹೊತ್ತಾಗಿತ್ತೋ ಯುಗೆತ್‌ಗೆ ಗೊತ್ತಿರಲಿಲ್ಲ. ಬೆನ್ನ ಹಿಂದೆ ಅವನ ಏದುಸಿರು ಕೇಳುತ್ತಿದ್ದಷ್ಟು ಹೊತ್ತೂ ಅವನು ಹಿಡಿದುಕೊಂಡೇ ಇದ್ದಾನೆಂಬ ಧೈರ್ಯದಲ್ಲಿ ಪೆಡಲು ತುಳಿದಳು. ಆಮೇಲೆ ಏದುಸಿರು ಕೇಳಿಸಲಿಲ್ಲ.

"ಫಿರ್ಮ್ಯಾಂ, ಹಿಡ್ಕೊಂಡಿದ್ದೀಯ ತಾನೇ?"

ಉತ್ತರ ಬಹಳ ದೂರದಿಂದ ಬಂತು. "ಇಲ್ಲಾ ಕಣೇ! ನೀನೇ ಹೋಗ್ತಿದ್ದೀಯಾ!"

ಅರವತ್ತಾರು ವರ್ಷದ ಯುಗೆತ್ ಮೊಂಬ್ರಿಯೆ ಫ್ರಾನ್ಸಿನ ತನ್ನ ಸಣ್ಣ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು. ಚಿಕ್ಕಂದಿನಲ್ಲಿ ಮನೆಯಲ್ಲಿದ್ದದ್ದು ಒಂದು ಸೈಕಲ್ಲು, ಮೂವರು ಅಣ್ಣಂದಿರು. ಅವಳ ಸರದಿ ಬರಲೇ ಇಲ್ಲ. ದೊಡ್ಡವಳಾದ ಮೇಲೆ ಕಾರು ಬಂತು, ಸೈಕಲ್ಲು ಮರೆತೇ ಹೋಯಿತು. ಆದರೆ ಊರಿನ ಹಳೇ ರೈಲುದಾರಿಯ ಹಳಿ ಕಿತ್ತು, ಟಾರು ಹಾಕಿ, ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟ ಮೇಲೆ ಊರಿಗೆ ಊರೇ ಸೈಕಲ್ಲು ಹತ್ತಿತು. ಕಾರಿಲ್ಲ, ಲಾರಿಯಿಲ್ಲ, ಹಿಂದಿನಿಂದ ಹಾರ್ನು ಹೊಡೆಯುವವರಿಲ್ಲ. ಅವಳ ಗೆಳೆಯರ ಗುಂಪು ಪ್ರತಿ ಗುರುವಾರ ಒಂಬತ್ತು ಕಿಲೋಮೀಟರು ದೂರದ ಸೆಂತ್ ಒರ್ತೇರಿನ ಹಳೇ ಸ್ಟೇಷನ್ನಿಗೆ, ಈಗ ಕೆಫೆಯಾಗಿರುವಲ್ಲಿಗೆ, ಸೈಕಲ್ಲಿನಲ್ಲಿ ಹೋಗುತ್ತಿತ್ತು. ಯುಗೆತ್ ಮಾತ್ರ ಎಲ್ಲರ ಬುಟ್ಟಿ, ಸ್ವೆಟರು, ಮಳೆಕೋಟುಗಳನ್ನು ಕಾರಿನಲ್ಲಿ ಹೇರಿಕೊಂಡು ಹೋಗಿ, ಕೆಫೆಯ ಮುಂದಿನ ದೊಡ್ಡ ಮರದ ಕೆಳಗೆ ಅವರಿಗಾಗಿ ಕಾಯುತ್ತಿದ್ದಳು.

"ಬಂತಪ್ಪಾ ನಮ್ಮ ಸಾಮಾನು ಗಾಡಿ!" ಎಂದಳು ಒಂದು ಗುರುವಾರ ಕ್ಲೊತಿಲ್ದ್. ಔಷಧಿ ಅಂಗಡಿ ನಡೆಸಿ ನಿವೃತ್ತಳಾದ ಅವಳ ನಾಲಿಗೆ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಎಲ್ಲರೂ ನಕ್ಕರು. ಯುಗೆತ್ ಕೂಡ ನಕ್ಕಳು. ಅದೇ ಸಂಜೆ ಪಕ್ಕದ ಮನೆಯ ಫಿರ್ಮ್ಯಾಂನ ಬಾಗಿಲು ತಟ್ಟಿದಳು. ಅವನು ಸೈಕಲ್ಲಿನಲ್ಲೇ ಟಪಾಲು ಹಂಚಿ ಮುದುಕನಾದವನು, ಅವಳ ಜೊತೆ ಒಂದೇ ಕ್ಲಾಸಿನಲ್ಲಿ ಓದಿದವನು.

"ನಂಗೆ ಸೈಕಲ್ ಕಲಿಸು. ಯಾರ ಹತ್ರನಾದ್ರೂ ಬಾಯಿ ಬಿಟ್ಯೋ, ಕಾಲು ಮುರೀತೀನಿ."

"ನನ್ನ ಕಾಲು ಮುರಿದ್ರೆ ನಿನ್ನ ಹಿಂದೆ ಓಡೋರ್ಯಾರೇ?" ಎಂದ ಫಿರ್ಮ್ಯಾಂ.

ಮೊದಲ ದಿನವೇ ಅವಳು ಎಡಗೈ ಬ್ರೇಕನ್ನು ಕೋಳಿ ಕತ್ತು ಹಿಚುಕಿದಂತೆ ಹಿಚುಕಿ, ಹ್ಯಾಂಡಲ್ಲಿನ ಮೇಲಿಂದ ಹಾರಿ ಜಲ್ಲಿಯ ಮೇಲೆ ಬಿದ್ದಳು. ಅಂದಿನಿಂದ ಬ್ರೇಕು ಮುಟ್ಟುವುದಿಲ್ಲವೆಂದು ಹಟ ಹಿಡಿದಳು. ಇಳಿಯಬೇಕಾದಾಗ ಫಿರ್ಮ್ಯಾಂ ಹಿಡಿಯುತ್ತಿದ್ದ, ಅವನೇ ಬ್ರೇಕು. ಮೂರು ವಾರ ಹೀಗೇ ನಡೆಯಿತು. ಈ ಗುರುವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಗುಂಪಿಗೆ ಸುಳ್ಳು ಹೇಳಿ, ಅವರು ಹೊರಟು ಹೋದ ಮೇಲೆ, ಮೊದಲ ಸಲ ದಾರಿಗೆ ಇಳಿದಿದ್ದಳು.

ಈಗ ಅವಳ ಬ್ರೇಕು ಹಿಂದೆ ಎಲ್ಲೋ ಸೊಂಟ ಹಿಡಿದುಕೊಂಡು ನಿಂತಿತ್ತು. ಮುಂದೆ ದಾರಿ ಇಳಿಜಾರು.

ರೈಲು ಓಡಾಡಿದ ದಾರಿಯಾದ್ದರಿಂದ ಇಳಿಜಾರು ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಸೈಕಲ್ಲಿಗೆ ಅದು ಗೊತ್ತಾಗಿಬಿಟ್ಟಿತ್ತು. ಯುಗೆತ್ ಪೆಡಲು ತುಳಿಯುವುದನ್ನು ನಿಲ್ಲಿಸಿದಳು, ಸೈಕಲ್ಲು ನಿಲ್ಲಲಿಲ್ಲ. ಬೇಲಿಯಾಚೆ ಬಿಳೀ ಹಸುಗಳು ಮೆಲುಕು ಹಾಕುವುದನ್ನೂ ಮರೆತು ತಲೆಯೆತ್ತಿ ನೋಡಿದವು. ನಾಯಿ ಹಿಡಿದುಕೊಂಡು ಬರುತ್ತಿದ್ದ ಹೆಂಗಸೊಬ್ಬಳಿಗೆ "ದಾರಿ ಬಿಡಿ ಮದಾಮ್! ಬ್ರೇಕಿಲ್ಲಾ!" ಎಂದು ಕೂಗಿದಳು. ನಾಯಿ ಮೊದಲು ಹುಲ್ಲಿಗೆ ಹಾರಿತು, ಹೆಂಗಸು ಆಮೇಲೆ. ದಾರಿಗೆ ಅಡ್ಡವಾಗಿ ಹಳ್ಳಿಯ ರಸ್ತೆ ಹಾಯುವಲ್ಲಿ ಎರಡು ಮರದ ಕಂಬಗಳು. ನಡುವೆ ಒಂದು ಸೈಕಲ್ಲು ನುಸುಳುವಷ್ಟೇ ಜಾಗ. ಯುಗೆತ್ ಮೊಣಕೈ ಒಳಗೆಳೆದುಕೊಂಡು, ಹೊಟ್ಟೆಯನ್ನೂ ಒಳಗೆಳೆದುಕೊಂಡು, ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಕಂಬಗಳು ಹಿಂದಿದ್ದವು. ಪಕ್ಕದಲ್ಲಿ ಟ್ರಾಕ್ಟರು ನಿಲ್ಲಿಸಿಕೊಂಡ ರೈತನೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಬೋಂಜೂರ್!" ಎಂದು ನಮಸ್ಕಾರ ಹೇಳಿದಳು. ಅದು ಅವಳ ಬಾಯಿಂದ ಕಿರುಚಿದ ಹಾಗೆ ಬಂತು.

ಮುಂದೆ ಕೆಂಪು ಚೀಲಗಳನ್ನು ಹೇರಿಕೊಂಡ ಇಬ್ಬರು ಪ್ರವಾಸಿಗಳು, ಡಚ್ ಗಂಡಹೆಂಡತಿ, ನಿಧಾನವಾಗಿ ಹೋಗುತ್ತಿದ್ದರು. ಯುಗೆತ್ ಅವರನ್ನು ದಾಟಿದಳು. ಬದುಕಿನಲ್ಲಿ ಮೊದಲ ಸಲ ಅವಳು ಸೈಕಲ್ಲಿನಲ್ಲಿ ಯಾರನ್ನಾದರೂ ದಾಟಿದ್ದು ಅದು. ಪಾಪ್ಲರ್ ಮರದಷ್ಟು ಉದ್ದದ ಗಂಡ ಜೋರಾಗಿ ತುಳಿದು ಪಕ್ಕಕ್ಕೆ ಬಂದ. ಅವನ ಫ್ರೆಂಚು ಮುರುಕಲು.

"ಮದಾಮ್ ತುಂಬಾ ಬೇಗ. ಎಲ್ಲಿಗೆ ಹೋಗುತ್ತದೆ?"

"ನಂಗೇನ್ ಗೊತ್ತು! ನಿಲ್ಸೋಕೆ ಬರಲ್ಲಪ್ಪಾ ನಂಗೆ!"

ಅವನು ತನ್ನ ಬಲಗೈ ಎತ್ತಿ ತೋರಿಸಿದ. "ಬಲ ಕೈ. ಬಲ ಮಾತ್ರ. ಮೆಲ್ಲ. ಕೈಯಲ್ಲಿ ನಿಂಬೆಹಣ್ಣು. ಆದರೆ ರಸ ಬೇಡ."

"ರಸ ಬೇಡ?"

"ರಸ ಬೇಡ!" ಎಂದು ಹಿಂದಿನಿಂದ ಹೆಂಡತಿಯೂ ಕೂಗಿದಳು.

ಯುಗೆತ್ ಬಲಗೈಯ ಎರಡು ಬೆರಳನ್ನು ಬ್ರೇಕಿನ ಮೇಲಿಟ್ಟು, ರಸ ಬಾರದಷ್ಟು ಒತ್ತಿದಳು. ಸೈಕಲ್ಲು ಮಾತು ಕೇಳಿತು. ಬಿಟ್ಟಳು, ಓಡಿತು. ಮತ್ತೆ ಒತ್ತಿದಳು, ತಗ್ಗಿತು. ಬಿಟ್ಟಳು. ಒಳಗಿನಿಂದ ನಗು ಉಕ್ಕಿತು. ಒಲೆಯ ಮೇಲಿಟ್ಟು ಮರೆತ ಹಾಲಿನ ಹಾಗೆ, ತಡೆಯುವಷ್ಟರಲ್ಲಿ ಹೊರಗೆ. ಡಚ್ಚಿನವನೂ ನಕ್ಕ. ಬಲು ಹಿಂದೆ ಗಂಟೆಯೊಂದು ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ಫಿರ್ಮ್ಯಾಂ ವಾಪಸು ಓಡಿ ತನ್ನ ಸೈಕಲ್ಲು ಹತ್ತಿ ಬೆನ್ನಟ್ಟಿದ್ದ.

ಸೆಂತ್ ಒರ್ತೇರ್ ಬಂತು. ಮರದ ಕೆಳಗೆ ಗುಂಪು ಕೂತಿತ್ತು. ಕ್ಲೊತಿಲ್ದ್ ಬಾಯಿಗೆ ಒಯ್ಯುತ್ತಿದ್ದ ವೈನು ಲೋಟ ಅರ್ಧದಲ್ಲೇ ನಿಂತಿತು.

"ಯುಗೆತ್? ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕು ಅಂದ್ಯಲ್ಲೇ!"

"ಅಲ್ಲಿಗೇ ಹೊರಟಿದ್ದೀನಿ!"

ನಿಲ್ಲಿಸಬಹುದಿತ್ತು. ಈಗ ನಿಲ್ಲಿಸುವುದು ಬರುತ್ತಿತ್ತು. ಬೆರಳು ಬ್ರೇಕಿನ ಮೇಲೇ ಇದ್ದವು. ಅವಳು ಆರು ವರ್ಷ ಕೂತು ಕಾದ ಕುರ್ಚಿ ಖಾಲಿಯಿತ್ತು. ಆದರೆ ಆಚೆ ದಾರಿ ಮತ್ತೆ ಮರಗಳ ನೆರಳಿಗೆ ಹೊಕ್ಕು, ಅವಳು ಎಂದೂ ನೋಡಿರದ ಕಡೆಗೆ ತಿರುಗುತ್ತಿತ್ತು. ಯುಗೆತ್ ಬ್ರೇಕಿನಿಂದ ಬೆರಳು ತೆಗೆದು ಗಂಟೆ ಬಾರಿಸಿದಳು, ಒಂದಲ್ಲ, ಐದಾರು ಸಲ, ಹೊರಟೇಹೋದಳು.

"ಅಯ್ಯೋ, ಹೋಗೇಬಿಟ್ಲಲ್ಲೋ! ಏಳ್ರೋ, ಏಳಿ!" ಕ್ಲೊತಿಲ್ದ್ ಕಿರುಚುವುದು, ಕುರ್ಚಿಗಳು ಹಿಂದಕ್ಕೆ ಜರುಗುವುದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಹಳೇ ರೈಲುದಾರಿಯ ಮೇಲೆ ನಿಜಕ್ಕೂ ರೈಲೇ ಹೊರಟ ಹಾಗಾಯಿತು: ಮುಂದೆ ಯುಗೆತ್, ಅವಳ ಹಿಂದೆ ಕೆಂಪು ಚೀಲದ ಡಚ್ಚಿನವರು, ಅವರ ಹಿಂದೆ ಕ್ಲೊತಿಲ್ದ್ ಮತ್ತು ಗುಂಪು, ಎಲ್ಲರಿಗಿಂತ ಕೊನೆಗೆ ಫಿರ್ಮ್ಯಾಂ.

ದಿಬ್ಬದ ಕಡೆಗೆ ದಾರಿ ಏರತೊಡಗಿತು. ಯುಗೆತ್ ತುಳಿದಳು, ತೊಡೆ ಉರಿಯುವವರೆಗೂ ತುಳಿದಳು. ಮೇಲೆ ತಲುಪಿದಾಗ ಬಲಗೈ ಒತ್ತಿದಳು. ಸೈಕಲ್ಲು ನಿಂತಿತು. ಕಾಲು ಕೆಳಗಿಡಬೇಕೆಂಬುದು ನೆನಪಾದದ್ದು ಅರೆಗಳಿಗೆ ತಡವಾಗಿ. ಸೈಕಲ್ಲಿನ ಸಮೇತ ಮೆಲ್ಲಗೆ ಪಕ್ಕಕ್ಕೆ ವಾಲಿ, ಎತ್ತರದ ಹುಲ್ಲಿನಲ್ಲಿ ಕೂತುಬಿಟ್ಟಳು. ಗುಂಪು ಬಂದು ಸೇರುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕ್ಲೊತಿಲ್ದ್ ಉಸಿರು ಸಿಗದೆ ಎರಡೂ ಕೈ ಮೊಣಕಾಲ ಮೇಲೆ ಊರಿದಳು. "ಕಳ್ಳೀ... ಯಾವಾಗ ಕಲಿತ್ಯೇ?"

"ಈಗ ತಾನೇ. ಬರ್ತಾ ಬರ್ತಾ."

ಕ್ಲೊತಿಲ್ದ್ ಪಕ್ಕದಲ್ಲಿ ಕುಸಿದು ಕೂತು ಅವಳ ಹೆಗಲಿಗೆ ತಲೆ ಒರಗಿಸಿದಳು. ಅವಳಿಗೂ ನಗು ಹತ್ತಿತ್ತು.

ಫಿರ್ಮ್ಯಾಂ ಕೊನೆಗೆ ಬಂದು ತಲುಪಿದ. ಮುಖ ಬೀಟ್‌ರೂಟು. "ಮೂವತ್ತೆಂಟು ವರ್ಷ ಟಪಾಲು ಹಂಚಿದ್ದೀನಿ. ಒಂದೇ ಒಂದು ಕಾಗದ ಹೀಗೆ ನನ್ನ ಕೈ ಬಿಟ್ಟು ಓಡಿ ಹೋಗಿರ್ಲಿಲ್ಲ!"

"ನೀನೇ ತಾನೇ ಕೈ ಬಿಟ್ಟಿದ್ದು!"

ಹಿಂತಿರುಗೋಣವೇ ಎಂದು ಯಾರೋ ಕೇಳಿದರು. ಮುಂದಿನ ಊರಿಗೆ ಎಷ್ಟು ದೂರವೆಂದು ಯುಗೆತ್ ಕೇಳಿದಳು. ಆರು ಕಿಲೋಮೀಟರು, ಕಾಲುವೆಯ ಪಕ್ಕದಲ್ಲೇ ದಾರಿ ಎಂದ ಡಚ್ಚಿನವನು ನಕ್ಷೆ ನೋಡಿ. ಅವಳು ಎದ್ದು ಸೈಕಲ್ಲು ನೆಟ್ಟಗೆ ನಿಲ್ಲಿಸಿದಳು. ಫಿರ್ಮ್ಯಾಂ ಅಭ್ಯಾಸಬಲದಿಂದ ಸೀಟಿಗೆ ಕೈ ಹಾಕಿದ.

"ತೆಗಿ ಕೈ."

ಮೊದಲ ಸಲ ಎರಡು ಗಜ ಹೋಗಿ ಕಾಲೂರಿದಳು. ಎರಡನೆಯ ಸಲ ಮುಂದಿನ ಗಾಲಿ ಎಡಕ್ಕೆ ತೂರಾಡಿತು, ಬಲಕ್ಕೆ ತೂರಾಡಿತು, ಆಮೇಲೆ ಏನೂ ಆಗಿಲ್ಲವೆಂಬಂತೆ ನೇರವಾಯಿತು.

ಕಾಲುವೆಯೂರಿನ ಹೋಟೆಲಿನಲ್ಲಿ ಎಲ್ಲರೂ ಅಣಬೆ ಆಮ್ಲೆಟ್ಟು ತರಿಸಿದರು. ಸೈಕಲ್ಲಿನ ಸೀಟು ಅವಳ ಹಿಂಭಾಗಕ್ಕೆ ಎಂಥ ಪಾಠ ಕಲಿಸಿತ್ತೆಂದರೆ, ಯುಗೆತ್ ತನ್ನದನ್ನು ಕಿಟಕಿಯ ಪಕ್ಕ ನಿಂತುಕೊಂಡೇ ತಿಂದಳು. ತಿನ್ನುತ್ತ ತಿನ್ನುತ್ತಲೇ, ಈ ಕಾಲುವೆ ದಾರಿ ಮುಂದೆ ಎಲ್ಲಿಗೆ ಹೋಗುತ್ತದೆಂದು ಹೋಟೆಲಿನವನನ್ನು ವಿಚಾರಿಸುತ್ತಿದ್ದಳು.